ವಿಶ್ವವಿದ್ಯಾಲಯದ ಪಾಠ ಎಲ್ಲರಿಗೂ ತೆರೆದುಕೊಳ್ಳುವುದು ಹೇಗೆ

ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿಯೋ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೋ ನಡೆಯುವ ಒಂದು ಗಂಟೆಯ ಪಾಠವನ್ನು ಕೇಳುವವರು ಆ ಕೊಠಡಿಯಲ್ಲಿ ಕುಳಿತ ಕೆಲವೇ ಮಂದಿ. ಕಟ್ಟಡಕ್ಕೆ, ಗ್ರಂಥಾಲಯಕ್ಕೆ, ಅಧ್ಯಾಪಕರ ಸಂಬಳಕ್ಕೆ ಸಾರ್ವಜನಿಕರ ತೆರಿಗೆ ಹಣವೇ ಸಂದಿದ್ದರೂ ಸೇಡಂನಲ್ಲಿ ದುಡಿದುಕೊಂಡೇ ಪರೀಕ್ಷೆಗೆ ಓದುತ್ತಿರುವ ತರುಣನಿಗೆ, ಮದುವೆಯಾದ ಮೇಲೆ ಓದು ಅರ್ಧಕ್ಕೆ ನಿಂತ ಶಹಾಪುರದ ಹೆಣ್ಣುಮಗಳಿಗೆ, ಔರಾದಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಶಿಕ್ಷಕರಿಗೆ ಆ ಪಾಠ ಕೇಳುವ ದಾರಿ ಇರುವುದಿಲ್ಲ. ಇಂಟರ್‌ನೆಟ್ ಬಂದ ಮೇಲೆ ಈ ಗೋಡೆಯನ್ನು ದಾಟಿಸುವುದು ತಾಂತ್ರಿಕವಾಗಿ ಸುಲಭವಾಗಿದೆ. ಆದರೆ ‘ಪಾಠ ಆನ್‌ಲೈನ್‌ನಲ್ಲಿ ಇದೆ’ ಎಂದು ನಾವು ಹೇಳುವಾಗ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ವ್ಯವಸ್ಥೆಗಳನ್ನು ಒಂದೇ ಮಾತಿನಲ್ಲಿ ಸೇರಿಸಿಬಿಡುತ್ತೇವೆ. ಅವುಗಳ ವ್ಯತ್ಯಾಸ ತಿಳಿಯದಿದ್ದರೆ ವಿದ್ಯಾರ್ಥಿ ತಪ್ಪು ಜಾಗದಲ್ಲಿ ಹಣ ಕಟ್ಟುತ್ತಾನೆ, ವಿಶ್ವವಿದ್ಯಾಲಯ ಒಳ್ಳೆಯ ಉದ್ದೇಶದಿಂದಲೇ ಯಾರ ಉಪಯೋಗಕ್ಕೂ ಬಾರದ ವಿಡಿಯೊಗಳನ್ನು ರಾಶಿ ಹಾಕುತ್ತದೆ.

ವಿಶ್ವವಿದ್ಯಾಲಯ ತನ್ನ ಆವರಣದಿಂದ ಹೊರಗೆ ಬಂದು ಮಾತನಾಡಬೇಕೆಂಬ ಆಲೋಚನೆ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ ಸ್ವಾತಂತ್ರ್ಯಕ್ಕೂ ಮೊದಲೇ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿ, ಅವನ್ನು ಚಿಕ್ಕ ಚಿಕ್ಕ ಪುಸ್ತಕಗಳಾಗಿ ಅಚ್ಚು ಹಾಕಿಸಿ ಕಡಿಮೆ ಬೆಲೆಗೆ ಹಂಚಿತು. ಮುಂದೆ ಧಾರವಾಡದಲ್ಲೂ ಕಲಬುರಗಿಯಲ್ಲೂ ಪ್ರಸಾರಾಂಗಗಳು ಹುಟ್ಟಿದ್ದು ಇದೇ ಆಶಯದಿಂದ. 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ದೂರದರ್ಶನದಲ್ಲಿ ಉನ್ನತ ಶಿಕ್ಷಣದ ಕಾರ್ಯಕ್ರಮಗಳ ಪ್ರಸಾರ ಆರಂಭಿಸಿತು. ಆದರೆ ಪುಸ್ತಕದ ಪ್ರತಿಗಳು ಮುಗಿಯುತ್ತಿದ್ದವು, ದೂರದರ್ಶನದ ಪಾಠ ಹೇಳಿದ ಹೊತ್ತಿಗೆ ಬಂದು ಹೋಗುತ್ತಿತ್ತು. ಬೇಕಾದಾಗ ತೆರೆದು, ಅರ್ಥವಾಗದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕೇಳುವ ಅವಕಾಶ ಎರಡರಲ್ಲೂ ಇರಲಿಲ್ಲ.

ಇಂದಿನ ಸ್ಥಿತಿಗೆ ತಿರುವು ಕೊಟ್ಟದ್ದು ಅಮೆರಿಕದ ಎಂಐಟಿ, ಅಂದರೆ ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಇಂಟರ್‌ನೆಟ್‌ನಲ್ಲಿ ಪಾಠ ಮಾರಿ ಹಣ ಗಳಿಸಲು ಹಲವು ಸಂಸ್ಥೆಗಳು ಪೈಪೋಟಿ ನಡೆಸಿದ್ದ ಕಾಲದಲ್ಲಿ ಎಂಐಟಿ ಕೂಡ ಅದನ್ನು ಪರಿಶೀಲಿಸಲು ಒಂದು ಸಮಿತಿ ರಚಿಸಿತು. ಸಮಿತಿ ಕೊಟ್ಟ ಸಲಹೆ ಮಾತ್ರ ಬೇರೆಯಾಗಿತ್ತು: ಮಾರುವುದು ಬೇಡ, ನಮ್ಮ ಎಲ್ಲ ಪಾಠಗಳ ಸಾಮಗ್ರಿಯನ್ನು ಜಗತ್ತಿಗೆ ಉಚಿತವಾಗಿ ಕೊಡೋಣ. 2001ರ ಏಪ್ರಿಲ್‌ನಲ್ಲಿ ಅಂದಿನ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಇದನ್ನು ಘೋಷಿಸಿದರು, 2002ರ ಸೆಪ್ಟೆಂಬರ್‌ನಲ್ಲಿ 50 ವಿಷಯಗಳೊಂದಿಗೆ ‘ಓಪನ್‌ಕೋರ್ಸ್‌ವೇರ್’ ತೆರೆಯಿತು, ಇಂದು ಅಲ್ಲಿರುವ ವಿಷಯಗಳ ಸಂಖ್ಯೆ 2,500 ದಾಟಿದೆ. ಅಲ್ಲಿನ ಒಂದು ಪುಟವನ್ನು ಹತ್ತಿರದಿಂದ ನೋಡಿದರೆ ಇದರ ಹಿರಿಮೆ ತಿಳಿಯುತ್ತದೆ. ಪ್ರೊಫೆಸರ್ ಗಿಲ್ಬರ್ಟ್ ಸ್ಟ್ರ್ಯಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಪುಟದಲ್ಲಿ ಮೂವತ್ತಕ್ಕೂ ಹೆಚ್ಚು ಉಪನ್ಯಾಸಗಳ ವಿಡಿಯೊ ಇದೆ. ಅದರ ಜೊತೆಗೆ ಯಾವ ವಾರ ಏನು ಓದಬೇಕೆಂಬ ಪಟ್ಟಿ, ಬಿಡಿಸಬೇಕಾದ ಲೆಕ್ಕಗಳು, ಹಿಂದಿನ ಪರೀಕ್ಷೆಗಳ ಪ್ರಶ್ನೆಪತ್ರಿಕೆ, ಅವುಗಳ ಉತ್ತರ ಎಲ್ಲವೂ ಇವೆ. ಹೆಸರು ನೋಂದಾಯಿಸಬೇಕಿಲ್ಲ, ಮಿಂಚಂಚೆ ವಿಳಾಸ ಕೊಡಬೇಕಿಲ್ಲ. ವಿಡಿಯೊ ಎಷ್ಟೇ ಚೆನ್ನಾಗಿದ್ದರೂ ನೋಡಿದ್ದು ತಲೆಗೆ ಹತ್ತಿತೋ ಇಲ್ಲವೋ ಎಂಬುದನ್ನು ತಿಳಿಸುವುದು ಬಿಡಿಸಬೇಕಾದ ಲೆಕ್ಕಗಳೇ. ನಮ್ಮ ಕಡೆ ಕೇವಲ ವಿಡಿಯೊ ಹಾಕಿ ಕೈತೊಳೆದುಕೊಳ್ಳುವ ಪದ್ಧತಿ ಬೆಳೆದಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದು ಒಂದು ಬಗೆ: ಸಾಮಗ್ರಿಯೆಲ್ಲ ಇದೆ, ಆದರೆ ಕಲಿಸುವವರಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಎರಡನೆಯ ಬಗೆ ‘ಮೂಕ್’ ಎಂದು ಕರೆಯಲಾಗುವ ಸಾಮೂಹಿಕ ಆನ್‌ಲೈನ್ ಕೋರ್ಸು. ಇದಕ್ಕೆ ಆರಂಭದ ದಿನ, ಮುಕ್ತಾಯದ ದಿನ, ವಾರವಾರದ ಅಸೈನ್‌ಮೆಂಟ್, ಪ್ರಶ್ನೆ ಕೇಳುವ ವೇದಿಕೆ ಎಲ್ಲ ಇರುತ್ತವೆ. ಸೇರುವವರು ಸಾವಿರಾರು ಮಂದಿ, ಮುಗಿಸುವವರು ಬಹಳ ಕಡಿಮೆ. ಎಂಐಟಿ ಮತ್ತು ಹಾರ್ವರ್ಡ್ ಎಡೆಕ್ಸ್ ವೇದಿಕೆಯಲ್ಲಿ ನಡೆಸಿದ ಕೋರ್ಸುಗಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ಬರಹವೊಂದರ ಪ್ರಕಾರ 2017–18ರಲ್ಲಿ ಸೇರಿದವರ ಪೈಕಿ ಪೂರ್ತಿ ಮುಗಿಸಿದವರು ನೂರಕ್ಕೆ ಸುಮಾರು ಮೂವರು. ಸುಮ್ಮನೆ ನೋಡಿ ಹೋಗಲು ಬಂದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ ಎಂಬುದು ನಿಜ. ಆದರೂ ಜೊತೆಗೊಬ್ಬ ಕಲಿಸುವವರಿಲ್ಲದೆ ಒಂಟಿಯಾಗಿ ಕಲಿಯುವುದು ಎಷ್ಟು ಕಷ್ಟವೆಂಬುದು ಇದರಿಂದ ಗೊತ್ತಾಗುತ್ತದೆ.

ಭಾರತದಲ್ಲಿ ಈ ಎರಡೂ ಬಗೆಗಳು ಸರ್ಕಾರದ ಹಣದಿಂದಲೇ ನಡೆಯುತ್ತಿವೆ. ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಮೊದಲಿಗೆ ಎಂಜಿನಿಯರಿಂಗ್ ಪಾಠಗಳ ವಿಡಿಯೊ ಸಂಗ್ರಹವಾಗಿತ್ತು. 2014ರಿಂದ ಅದು ಪರೀಕ್ಷೆ ನಡೆಸಿ ಪ್ರಮಾಣಪತ್ರವನ್ನೂ ಕೊಡುತ್ತಿದೆ. 2017ರ ಜುಲೈ 9ರಂದು ಉದ್ಘಾಟನೆಯಾದ ‘ಸ್ವಯಂ’ ವೇದಿಕೆ ಎನ್‌ಪಿಟಿಇಎಲ್, ಇಗ್ನೊ, ಎನ್‌ಸಿಇಆರ್‌ಟಿ ಮುಂತಾದವುಗಳ ಕೋರ್ಸುಗಳನ್ನು ಒಂದೆಡೆ ತಂದಿತು. ಅದರೊಡನೆ ಬಂದ ‘ಸ್ವಯಂಪ್ರಭಾ’ ವಾಹಿನಿಗಳು ಡಿಶ್ ಮೂಲಕ ಮನೆಯ ಟಿವಿಗೇ ಪಾಠ ತಲುಪಿಸುತ್ತವೆ. ಪ್ರತಿದಿನ ನಾಲ್ಕು ಗಂಟೆಯಷ್ಟು ಹೊಸ ಪಾಠ ಬಿತ್ತರಿಸಿ, ಅದನ್ನೇ ದಿನದಲ್ಲಿ ಮತ್ತೆ ಐದು ಸಲ ತೋರಿಸಬೇಕೆಂಬುದು ಅದರ ಮೂಲ ಯೋಜನೆ. ಬೆಳಿಗ್ಗೆ ಕರೆಂಟ್ ಹೋದ ಊರಿನವರು ರಾತ್ರಿ ಅದೇ ಪಾಠ ನೋಡಬಹುದು. ನೆಟ್‌ವರ್ಕ್ ಸರಿಯಾಗಿ ಸಿಗದ ಹಳ್ಳಿ, ತಾಂಡಾಗಳಿರುವ ನಮ್ಮ ಜಿಲ್ಲೆಗಳಲ್ಲಿ ಈ ಸೌಲಭ್ಯದ ಬಗ್ಗೆ ಕಾಲೇಜುಗಳು ಇನ್ನೂ ಹೆಚ್ಚು ತಿಳಿಹೇಳಬೇಕು.

ಕ್ರೆಡಿಟ್, ಅಂದರೆ ಇಂಥ ಕೋರ್ಸು ಪದವಿಯ ಲೆಕ್ಕಕ್ಕೆ ಸೇರುವ ವಿಚಾರದಲ್ಲಿ ಗೊಂದಲ ಹೆಚ್ಚು. ಸ್ವಯಂನಲ್ಲಿ ಪಾಠ ನೋಡುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷೆಗೆ ಹಣ ಕಟ್ಟುತ್ತಾರೆ. ಎನ್‌ಪಿಟಿಇಎಲ್‌ನ 12 ವಾರದ ಕೋರ್ಸಿನಲ್ಲಿ ವಾರಕ್ಕೊಂದರಂತೆ ಬರೆದ ಅಸೈನ್‌ಮೆಂಟ್‌ಗಳ ಪೈಕಿ ಉತ್ತಮವಾದ 8ರ ಸರಾಸರಿಗೆ 25 ಅಂಕ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬಂದರೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ. ಆ ಅಂಕಗಳು ಪದವಿಯ ಅಂಕಪಟ್ಟಿಗೆ ಸೇರಬೇಕೆಂದರೆ ವಿದ್ಯಾರ್ಥಿ ಓದುತ್ತಿರುವ ವಿಶ್ವವಿದ್ಯಾಲಯ ಆ ಕೋರ್ಸನ್ನು ಮೊದಲೇ ಒಪ್ಪಿರಬೇಕು. ಯುಜಿಸಿಯ 2021ರ ನಿಯಮಾವಳಿ ಒಂದು ಸೆಮಿಸ್ಟರಿನ ಕೋರ್ಸುಗಳ ಪೈಕಿ ಶೇ. 40ರವರೆಗೆ ಸ್ವಯಂ ಮೂಲಕ ಓದಲು ಅವಕಾಶ ಕೊಟ್ಟಿದೆ ನಿಜ, ಆದರೆ ಅವಕಾಶ ಇದೆಯೆಂದ ಮಾತ್ರಕ್ಕೆ ಕ್ರೆಡಿಟ್ ತಾನಾಗಿ ಸೇರುವುದಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮೊದಲು ಕಾಲೇಜಿನ ಸ್ವಯಂ ಸಂಯೋಜಕರನ್ನು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಹಾಗೆಯೇ ಪ್ರಮಾಣಪತ್ರದ ಕೋರ್ಸು ಬೇರೆ, ಆನ್‌ಲೈನ್ ಪದವಿ ಬೇರೆ. ಪದವಿ ಕೊಡುತ್ತೇವೆ ಎನ್ನುವ ಸಂಸ್ಥೆಗೆ ಯುಜಿಸಿಯ ದೂರಶಿಕ್ಷಣ ವಿಭಾಗದ ಮಾನ್ಯತೆ ಆ ವರ್ಷಕ್ಕೆ, ಆ ಪದವಿಗೇ ಇದೆಯೇ ಎಂದು ನೋಡದೆ ತಂದೆ-ತಾಯಿಯ ಕೈಯಿಂದ ಹಣ ಕಟ್ಟಿಸಬಾರದು.

ಇಲ್ಲಿಯವರೆಗಿನದು ಪಾಠವನ್ನು ಪಡೆಯುವವರ ಕಡೆಯಿಂದ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಪಾಠವನ್ನು ಕೊಡುವವರ ಕಡೆಯ ಪ್ರಶ್ನೆ. ನೋಡಲು ಬಿಡುವುದು ಮತ್ತು ಬಳಸಲು ಬಿಡುವುದು ಎರಡೂ ಒಂದೇ ಎಂದು ನಮ್ಮ ಬಹುತೇಕ ಸಂಸ್ಥೆಗಳು ತಿಳಿದಿವೆ. ಅವು ಒಂದೇ ಅಲ್ಲ. ಯೂಟ್ಯೂಬಿಗೆ ಏರಿಸಿದ ವಿಡಿಯೊಗೆ ಬೇರೇನೂ ನಮೂದಿಸದಿದ್ದರೆ ಅದಕ್ಕೆ ಯೂಟ್ಯೂಬಿನ ಸಾಮಾನ್ಯ ಲೈಸೆನ್ಸ್ ಅನ್ವಯವಾಗುತ್ತದೆ. ಆಗ ಅದನ್ನು ಯಾರು ಬೇಕಾದರೂ ನೋಡಬಹುದು, ಆದರೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಹಂಚುವುದಾಗಲಿ, ಕತ್ತರಿಸಿ ತಮ್ಮ ತರಗತಿಗೆ ಹೊಂದಿಸಿ ಪ್ರಕಟಿಸುವುದಾಗಲಿ, ಅನುವಾದಿಸಿ ಪುಸ್ತಕ ಮಾಡುವುದಾಗಲಿ ಅನುಮತಿಯಿಲ್ಲದೆ ಸಾಧ್ಯವಿಲ್ಲ. ಗಾಜಿನ ಬೀರುವಿನಲ್ಲಿಟ್ಟ ಪುಸ್ತಕದ ತೆರೆದ ಪುಟವನ್ನು ಹೊರಗೆ ನಿಂತು ಓದಲು ಬಿಟ್ಟಂತೆ ಇದು.

ಈ ತೊಡಕನ್ನು ಬಿಡಿಸಲೆಂದೇ 2001ರಲ್ಲಿ ಹುಟ್ಟಿದ ‘ಕ್ರಿಯೇಟಿವ್ ಕಾಮನ್ಸ್’ ಸಂಸ್ಥೆ 2002ರ ಡಿಸೆಂಬರ್‌ನಲ್ಲಿ ತನ್ನ ಮೊದಲ ಲೈಸೆನ್ಸ್‌ಗಳನ್ನು ಹೊರತಂದಿತು. ಅದೇ ವರ್ಷ ಯುನೆಸ್ಕೊ ಸಭೆಯೊಂದರಲ್ಲಿ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ರೂಪುಗೊಂಡಿತು. ಕ್ರಿಯೇಟಿವ್ ಕಾಮನ್ಸ್ ಪದ್ಧತಿಯಲ್ಲಿ ಕರ್ತೃವಿನ ಹಕ್ಕು ಕರ್ತೃವಿನ ಬಳಿಯೇ ಉಳಿಯುತ್ತದೆ. ಯಾವ ಷರತ್ತಿನ ಮೇಲೆ ಉಳಿದವರು ಬಳಸಬಹುದೆಂಬುದನ್ನು ಆತ ಮೊದಲೇ ಬರೆದುಕೊಟ್ಟಿರುತ್ತಾನೆ. ಷರತ್ತುಗಳು ನಾಲ್ಕೇ. ‘ಬೈ’ ಎಂದರೆ ಕರ್ತೃವಿನ ಹೆಸರು ಹೇಳಬೇಕು. ‘ಎಸ್‌ಎ’ ಎಂದರೆ ಇದನ್ನು ಬಳಸಿ ಹೊಸದೇನಾದರೂ ಮಾಡಿ ಹಂಚಿದರೆ ಅದನ್ನೂ ಇದೇ ಷರತ್ತಿನ ಮೇಲೆ ಕೊಡಬೇಕು. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎನ್‌ಡಿ’ ಇದ್ದರೆ ಮೂಲವನ್ನು ಮಾರ್ಪಡಿಸಿ ಹಂಚುವಂತಿಲ್ಲ.

ಕೊನೆಯ ಷರತ್ತನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅನುವಾದವೂ ಮಾರ್ಪಾಡೇ. ‘ಎನ್‌ಡಿ’ ಇರುವ ಇಂಗ್ಲಿಷ್ ಪಾಠವನ್ನು ಯಾದಗಿರಿಯ ಶಿಕ್ಷಕಿಯೊಬ್ಬರು ಕನ್ನಡಕ್ಕೆ ತಂದು ತಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಹಂಚಲು ಕಾನೂನು ಬಿಡುವುದಿಲ್ಲ. ಇಂಗ್ಲಿಷ್ ಬಲ್ಲವನಿಗೆ ಆ ಪಾಠ ತೆರೆದಿದೆ, ಕನ್ನಡದಲ್ಲಿ ಓದಿದವಳಿಗೆ ಮುಚ್ಚಿದೆ. ಎಂಐಟಿ ತನ್ನ ಸಾಮಗ್ರಿಗೆ ‘ಎನ್‌ಡಿ’ ಹಾಕಿಲ್ಲ. ಹೆಸರು ಹೇಳಿ, ವ್ಯಾಪಾರ ಮಾಡದೆ, ಅದೇ ಷರತ್ತಿನ ಮೇಲೆ ಯಾರು ಬೇಕಾದರೂ ಅನುವಾದಿಸಬಹುದು. ‘ಎನ್‌ಸಿ’ ಬಗ್ಗೆಯೂ ಎರಡು ಸಲ ಯೋಚಿಸಬೇಕು, ಅದನ್ನು ಹಾಕಿದ ಚಿತ್ರ, ಧ್ವನಿ, ವಿಡಿಯೊಗಳನ್ನು ವಿಕಿಪೀಡಿಯಗಳಿಗೆ ಇವನ್ನು ಒದಗಿಸುವ ಸಂಗ್ರಹವಾದ ವಿಕಿಮೀಡಿಯ ಕಾಮನ್ಸ್ ಸ್ವೀಕರಿಸುವುದಿಲ್ಲ. ಆದ್ದರಿಂದ ಅವು ಆ ದಾರಿಯಿಂದ ಕನ್ನಡ ವಿಕಿಪೀಡಿಯವನ್ನೂ ಸೇರಲಾರವು. ತೆರಿಗೆ ಹಣದಿಂದ ನಡೆಯುವ ವಿಶ್ವವಿದ್ಯಾಲಯಕ್ಕೆ ‘ಬೈ’ ಅಥವಾ ‘ಬೈ-ಎಸ್‌ಎ’ ತಕ್ಕದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಲೈಸೆನ್ಸ್ ಎಂಬುದು ಕಾಗದದ ಮೇಲಿನ ಔಪಚಾರಿಕತೆ ಎಂದುಕೊಂಡವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ನಡೆದುದನ್ನು ತಿಳಿಯಬೇಕು. ಬರ್ಕ್ಲಿ ವರ್ಷಗಟ್ಟಲೆ ತನ್ನ ತರಗತಿಗಳನ್ನು ದಾಖಲಿಸಿ ಸಾರ್ವಜನಿಕರಿಗೆ ಬಿಟ್ಟಿತ್ತು. ಕಿವುಡರ ಉನ್ನತ ಶಿಕ್ಷಣಕ್ಕೆ ಹೆಸರಾದ ಗ್ಯಾಲಡೆಟ್ ವಿಶ್ವವಿದ್ಯಾಲಯದ ಇಬ್ಬರು ನೌಕರರು ಆ ವಿಡಿಯೊಗಳಲ್ಲಿ ಮಾತನ್ನು ತೆರೆಯ ಮೇಲೆ ಬರಹದಲ್ಲಿ ತೋರಿಸುವ ಸರಿಯಾದ ಶೀರ್ಷಿಕೆಗಳಿಲ್ಲ, ಆದ್ದರಿಂದ ತಮಗೆ ಅವು ತಲುಪುತ್ತಿಲ್ಲ ಎಂದು ದೂರು ಕೊಟ್ಟರು. ದೂರಿನಲ್ಲಿ ಹುರುಳಿದೆಯೆಂದು 2016ರಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಹೇಳಿತು. ಎಲ್ಲಕ್ಕೂ ಶೀರ್ಷಿಕೆ ಬರೆಸುವ ಬದಲು ವಿಶ್ವವಿದ್ಯಾಲಯ 2017ರ ಮಾರ್ಚ್‌ನಲ್ಲಿ 20,000ಕ್ಕೂ ಹೆಚ್ಚು ವಿಡಿಯೊ ಮತ್ತು ಧ್ವನಿಮುದ್ರಿಕೆಗಳನ್ನು ಸಾರ್ವಜನಿಕರ ಕಣ್ಣಿನಿಂದ ತೆಗೆಯಲು ಹೊರಟಿತು. ಆದರೆ ಅವು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಪ್ರಕಟವಾಗಿದ್ದವು. ಪ್ರತಿ ಮಾಡಿಕೊಂಡು ಹಂಚುವ ಅನುಮತಿ ಅದರಲ್ಲಿತ್ತು. ಹೀಗಾಗಿ ಹೊರಗಿನವರು ಅವನ್ನು ಇಳಿಸಿಕೊಂಡು ಬೇರೆಡೆ ಉಳಿಸಿದರು. ಶೀರ್ಷಿಕೆಯನ್ನು ಆರಂಭದಿಂದಲೇ ಬರೆಸುತ್ತ ಬಂದಿದ್ದರೆ ದೂರಿಗೇ ಎಡೆಯಿರುತ್ತಿರಲಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಪಾಠಗಳು ಉಳಿಯುತ್ತಿರಲಿಲ್ಲ. ನಮ್ಮಲ್ಲಿಯೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಸಾಮಗ್ರಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದು ಹೇಳುತ್ತದೆ. ಒಂದೇ ಕಡೆ ಇಟ್ಟ ಒಂದೇ ಪ್ರತಿ ಎಷ್ಟು ದುರ್ಬಲವೆಂಬುದನ್ನು ಬೀದರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 15ನೆಯ ಶತಮಾನದಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಇಂದು ಅಲ್ಲಿ ಉಳಿದಿರುವುದು ಕಟ್ಟಡ ಮಾತ್ರ.

ಭಾರತದ ಕಾನೂನು ಉಪನ್ಯಾಸಕರ ಪರವಾಗಿ ಸ್ಪಷ್ಟವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಸಾರ್ವಜನಿಕ ಭಾಷಣದ ಮೊದಲ ಹಕ್ಕುದಾರರು, ಬೇರೊಬ್ಬರ ಪರವಾಗಿ ಮಾತನಾಡಿದ್ದಲ್ಲದಿದ್ದರೆ, ಭಾಷಣ ಮಾಡಿದವರೇ. ಸಭೆ ಏರ್ಪಡಿಸಿದ ಸಂಸ್ಥೆಯಲ್ಲಿ ಅವರು ನೌಕರರಾಗಿದ್ದರೂ ಇದು ಬದಲಾಗುವುದಿಲ್ಲ. ಅದೇ ಕಾಯ್ದೆ ಉಪನ್ಯಾಸ ಕೊಡುವವರನ್ನು ನಟರು, ಗಾಯಕರೊಂದಿಗೆ ಪ್ರದರ್ಶಕರ ಪಟ್ಟಿಯಲ್ಲೂ ಸೇರಿಸಿದೆ. ಹೀಗಾಗಿ ಅತಿಥಿ ಉಪನ್ಯಾಸವನ್ನು ಮೊಬೈಲಿನಲ್ಲಿ ಹಿಡಿದು ವಿಭಾಗದ ಯೂಟ್ಯೂಬ್ ಚಾನೆಲಿಗೆ ಏರಿಸುವ ಮೊದಲು ಅವರಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ಇನ್ನೊಂದು ಕಡೆ, ತರಗತಿಯ ಬೋಧನೆಗಾಗಿ ಬೇರೆಯವರ ಚಿತ್ರವನ್ನೋ ಪುಟವನ್ನೋ ಬಳಸಲು 52ನೆಯ ಸೆಕ್ಷನ್ ಶಿಕ್ಷಕರಿಗೆ ವಿನಾಯಿತಿ ಕೊಟ್ಟಿದೆ. ಆದರೆ ಆ ಸ್ಲೈಡುಗಳನ್ನು ಇಡೀ ಜಗತ್ತಿಗೆ ತೆರೆದಿಟ್ಟರೆ ಅದೇ ವಿನಾಯಿತಿಯ ಆಸರೆ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ಗೂಗಲ್‌ನಿಂದ ತೆಗೆದ ಚಿತ್ರಗಳ ಬದಲು ತಾವೇ ತೆಗೆದ ಫೋಟೊ, ಕೈಯಿಂದ ಬಿಡಿಸಿದ ನಕ್ಷೆ ಬಳಸಿದರೆ ಈ ಚಿಂತೆಯೇ ಇರುವುದಿಲ್ಲ.

ದಾಖಲಿಸುವ ಕೆಲಸದಲ್ಲಿ ಎಲ್ಲರೂ ಮೊದಲು ಕ್ಯಾಮೆರಾ ಬಗ್ಗೆ ಯೋಚಿಸುತ್ತಾರೆ, ಮುಖ್ಯವಾದದ್ದು ಧ್ವನಿ. ಬೇಸಿಗೆಯಲ್ಲಿ ನಮ್ಮ ಕಡೆ ಫ್ಯಾನಿಲ್ಲದೆ ತರಗತಿ ನಡೆಸಲಾಗುವುದಿಲ್ಲ. ಹಿಂದಿನ ಬೆಂಚಿನಲ್ಲಿಟ್ಟ ಮೊಬೈಲಿಗೆ ಫ್ಯಾನಿನ ಸದ್ದು ಮೊದಲು ಕೇಳಿಸುತ್ತದೆ, ಮೇಷ್ಟ್ರ ಮಾತು ಆಮೇಲೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಒಂದಿದ್ದರೆ ಈ ತೊಂದರೆ ಬಹುಮಟ್ಟಿಗೆ ತೀರುತ್ತದೆ. ಧ್ವನಿ ಚೆನ್ನಾಗಿದ್ದರೆ ವಿಡಿಯೊ ಇಲ್ಲದಿದ್ದರೂ ನಡೆಯುತ್ತದೆ. 64 ಕೆಬಿಪಿಎಸ್ ವೇಗದಲ್ಲಿ ಉಳಿಸಿದ ಒಂದು ಗಂಟೆಯ ಧ್ವನಿಗೆ 29 ಎಂಬಿ ಸಾಕು. ಅಷ್ಟೇ ಹೊತ್ತಿನ ವಿಡಿಯೊ ಕಡಿಮೆ ಗುಣಮಟ್ಟದಲ್ಲಿದ್ದರೂ ಅದರ ಹಲವು ಪಟ್ಟು ಡೇಟಾ ತಿನ್ನುತ್ತದೆ. ಸಾಹಿತ್ಯ, ಇತಿಹಾಸ, ಕಾನೂನಿನ ಉಪನ್ಯಾಸವನ್ನು ಹೊಲದಲ್ಲಿ ಕೆಲಸ ಮಾಡುತ್ತಲೋ ಬಸ್ಸಿನಲ್ಲಿ ಕುಳಿತೋ ಕೇಳಬಹುದು. ವಿದ್ಯಾರ್ಥಿಗಳು ಪ್ರಶ್ನೆ ಕೇಳುವ ಭಾಗದಲ್ಲಿ ಅವರ ಮುಖ, ಹೆಸರು ಬಾರದಂತೆ ನೋಡಿಕೊಳ್ಳಬೇಕು, ಇಲ್ಲವಾದರೆ ಮುಂದಿನ ತರಗತಿಯಿಂದ ಯಾರೂ ಬಾಯಿ ತೆರೆಯುವುದಿಲ್ಲ.

ಧ್ವನಿಗಿಂತಲೂ ಹೆಚ್ಚು ಕಾಲ ಬಾಳುವುದು ಬರಹರೂಪ. ಬರಹವಿದ್ದರೆ ಹುಡುಕಬಹುದು, ಅಚ್ಚು ಹಾಕಬಹುದು, ಕಿವಿ ಕೇಳದವರು ಓದಬಹುದು, ಅನುವಾದಕರು ಅಲ್ಲಿಂದ ಕೆಲಸ ಆರಂಭಿಸಬಹುದು. ಎನ್‌ಪಿಟಿಇಎಲ್ ತನ್ನ ಹಲವು ಪಾಠಗಳ ಬರಹರೂಪವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅನುವಾದಿಸಿದೆ. ಮಾತನ್ನು ಬರಹಕ್ಕಿಳಿಸುವ ಯಂತ್ರಗಳು ಈಗ ಕನ್ನಡಕ್ಕೂ ಬಂದಿವೆ. ಉರ್ದು, ಮರಾಠಿ, ತೆಲುಗು ಪದಗಳು ಸಹಜವಾಗಿ ಬೆರೆತ ನಮ್ಮ ಭಾಗದ ಮಾತಿನಲ್ಲಿ ಅವು ತಡವರಿಸುತ್ತವೆಯಾದರೂ ಮೊದಲ ಕರಡು ಸಿಗುತ್ತದೆ. ಆ ಕರಡನ್ನು ತಿದ್ದುವ ಕೆಲಸವನ್ನು ಎಂ.ಎ. ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಆಗಿ ಕೊಟ್ಟರೆ ಪಾಠ ಅವರಿಗೂ ಗಟ್ಟಿಯಾಗುತ್ತದೆ, ಬರಹವೂ ಸಿದ್ಧವಾಗುತ್ತದೆ.

ಹಾಗಾದರೆ ಇಲ್ಲಿನ ವಿಶ್ವವಿದ್ಯಾಲಯಗಳು ಏನನ್ನು ದಾಖಲಿಸಬೇಕು? ಲೀನಿಯರ್ ಆಲ್ಜೀಬ್ರಾವನ್ನು ಮತ್ತೊಮ್ಮೆ ಇಂಗ್ಲಿಷಿನಲ್ಲಿ ಹೇಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಇರುವುದನ್ನು ಕನ್ನಡಕ್ಕೆ ತರುವುದು ಒಳ್ಳೆಯದು. ಬೇರೆ ಯಾರೂ ಹೇಳಲಾಗದ ಪಾಠಗಳು ಇಲ್ಲಿವೆ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಕಲಬುರಗಿ ತೊಗರಿಯನ್ನು ನೆಟೆ ರೋಗ ಹೇಗೆ ಹಿಡಿಯುತ್ತದೆ, ಮಣ್ಣಿನಲ್ಲಿರುವ ಶಿಲೀಂಧ್ರ ಬೇರಿನೊಳಗೆ ನುಗ್ಗಿ ನೀರಿನ ದಾರಿಯನ್ನೇ ಮುಚ್ಚುವುದು ಹೇಗೆ, ಟಿಎಸ್-3ಆರ್‌ನಂಥ ತಳಿ ಅದನ್ನು ತಡೆದುಕೊಳ್ಳುವುದೇಕೆ ಎಂಬುದನ್ನು ಬುಡ ಸೀಳಿದ ಗಿಡ ಕೈಯಲ್ಲಿ ಹಿಡಿದು ವಿವರಿಸುವ ಕೃಷಿ ವಿಜ್ಞಾನಿಯ ಪಾಠ ಅಫಜಲಪುರದ ರೈತನಿಗೂ ಬೇಕು, ಬಿ.ಎಸ್ಸಿ. ವಿದ್ಯಾರ್ಥಿಗೂ ಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ದೇವಣಿ ತಳಿಯ ದನಗಳ ಲಕ್ಷಣ, ಸಾಕಣೆ, ರೋಗಗಳ ಬಗ್ಗೆ ಕನ್ನಡದಲ್ಲಿ ಒಂದು ಪೂರ್ತಿ ಕೋರ್ಸು ತರಬಹುದು. ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ ಸಿಕ್ಕ, ಅಶೋಕನ ಹೆಸರನ್ನು ಬರೆದಿರುವ ಶಿಲ್ಪವನ್ನು ಸ್ಥಳದಲ್ಲೇ ನಿಂತು ಓದಿಸುವ ಇತಿಹಾಸ ಪಾಠ, ಮಳಖೇಡದ ರಾಷ್ಟ್ರಕೂಟರ ಬಗ್ಗೆ, ಬಿದರಿ ಕಲೆಯ ಲೋಹ ಮತ್ತು ಮಣ್ಣಿನ ರಸಾಯನಶಾಸ್ತ್ರದ ಬಗ್ಗೆ, ದಖನಿ ಭಾಷೆಯ ಬಗ್ಗೆ ನಡೆಯುವ ಉಪನ್ಯಾಸಗಳು ಇಲ್ಲಿಂದಲ್ಲದೆ ಬೇರೆಲ್ಲಿಂದಲೂ ಬರುವ ಹಾಗಿಲ್ಲ.

ಇದಕ್ಕೆ ದೊಡ್ಡ ಸ್ಟುಡಿಯೊ ಬೇಕಿಲ್ಲ. ವಿಭಾಗಕ್ಕೊಂದು ಮೈಕ್, ಒಪ್ಪಿಗೆ ಪತ್ರದ ಒಂದು ನಮೂನೆ, ದಾಖಲೆಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಹೊರಗಿನ ಇನ್ನೊಂದು ಸಾರ್ವಜನಿಕ ಸಂಗ್ರಹದಲ್ಲೂ ಇಡುವ ವ್ಯವಸ್ಥೆ, ಲೈಸೆನ್ಸ್ ಯಾವುದೆಂದು ನಿರ್ಧರಿಸುವ ವಿದ್ಯಾವಿಷಯಕ ಪರಿಷತ್ತಿನ ಒಂದು ನಿರ್ಣಯ ಸಾಕು. ಅಧ್ಯಾಪಕರ ಬಡ್ತಿಯ ಅಂಕಗಳಲ್ಲಿ ಈ ಕೆಲಸವನ್ನೂ ಪರಿಗಣಿಸಿದರೆ ಮುಂದೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಪ್ರತಿ ದಾಖಲೆಯ ಕೆಳಗೆ ಉಪನ್ಯಾಸಕರ ಹೆಸರು, ವಿಷಯ, ದಿನಾಂಕ, ಸ್ಥಳ ಬರೆದು, ಅದರೊಂದಿಗೆ ಇಷ್ಟನ್ನು ಸೇರಿಸಬೇಕು: ‘ಈ ಉಪನ್ಯಾಸವನ್ನು ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0 ಲೈಸೆನ್ಸ್ ಅಡಿಯಲ್ಲಿ ಪ್ರಕಟಿಸಲಾಗಿದೆ. ಉಪನ್ಯಾಸಕರ ಹೆಸರನ್ನು ನಮೂದಿಸಿ, ಇದೇ ಷರತ್ತಿನ ಮೇಲೆ ಯಾರು ಬೇಕಾದರೂ ಇದನ್ನು ಪ್ರತಿ ಮಾಡಬಹುದು, ಹಂಚಬಹುದು, ಅನುವಾದಿಸಬಹುದು.’